ಅಂಚೆ, ಠೇವಣಿ, ಕಾಗದ, ಜಾಹೀರಾತು: ಆಳುವವರು ಪತ್ರಿಕೆಗಳನ್ನು ಹಿಡಿದಿಟ್ಟ ಬಗೆ

ಭಾರತದ ಪತ್ರಿಕೆಗಳಿಗೂ ಆಳುವವರಿಗೂ ಇದ್ದ ಸಂಬಂಧದ ಮಾತು ಬಂದಾಗ ನಮ್ಮ ನೆನಪು ಮೊದಲು ಹೋಗುವುದು ಜೈಲಿನ ಕಡೆಗೆ. ‘ಕೇಸರಿ’ಯ ಲೇಖನಗಳಿಗಾಗಿ ತಿಲಕರು 1908ರಲ್ಲಿ ಶಿಕ್ಷೆಗೊಳಗಾಗಿ ಮಂಡಾಲೆಗೆ ಹೋದದ್ದು, ‘ಯಂಗ್ ಇಂಡಿಯಾ’ದ ಬರಹಗಳಿಗಾಗಿ ಗಾಂಧೀಜಿಗೆ 1922ರಲ್ಲಿ ಆರು ವರ್ಷಗಳ ಸಜೆಯಾದದ್ದು, ತುರ್ತು ಪರಿಸ್ಥಿತಿಯಲ್ಲಿ ಕುಲದೀಪ್ ನಯ್ಯರ್ ಬಂಧನವಾದದ್ದು ಭಾಷಣಗಳಲ್ಲೂ ಪಠ್ಯಪುಸ್ತಕಗಳಲ್ಲೂ ಮತ್ತೆ ಮತ್ತೆ ಬರುತ್ತವೆ. ಬರಬೇಕಾದ ಸಂಗತಿಗಳೇ ಅವು. ಆದರೆ ಈ ಕತೆಗಳನ್ನಷ್ಟೇ ಕೇಳುತ್ತಾ ಬಂದವರಿಗೆ, ಆಳುವವರ ಕೈಯಲ್ಲಿ ಪತ್ರಿಕೆಗಳ ವಿರುದ್ಧ ಇದ್ದ ಮುಖ್ಯ ಆಯುಧವೇ ಸೆರೆಮನೆ ಎಂಬ ಭಾವನೆ ಉಳಿದುಬಿಡುತ್ತದೆ. ಎರಡು ಶತಮಾನಗಳ ದಾಖಲೆಗಳು ಬೇರೆಯೇ ಮಾತು ಹೇಳುತ್ತವೆ. ಸಂಪಾದಕನನ್ನು ಜೈಲಿಗೆ ಹಾಕಿದಾಗ ಪತ್ರಿಕೆ ನಿಂತದ್ದಕ್ಕಿಂತ, ಪತ್ರಿಕೆ ನಡೆಯಲು ಬೇಕಾದ ಅಂಚೆಯನ್ನು, ಅಚ್ಚುಮೊಳೆಯನ್ನು, ಪರವಾನಗಿಯನ್ನು, ಕಾಗದವನ್ನು, ವಿದ್ಯುತ್ತನ್ನು, ಜಾಹೀರಾತನ್ನು ಕೈಗೆ ತೆಗೆದುಕೊಂಡಾಗ ನಿಂತದ್ದು ಹೆಚ್ಚು. ನಿಲ್ಲದಿದ್ದರೆ ಮೆತ್ತಗಾದದ್ದಂತೂ ಇನ್ನೂ ಹೆಚ್ಚು. ರಾಜಕೀಯ ನಾಯಕರಿಗೂ ಪತ್ರಿಕೆಗಳಿಗೂ ನಡುವಿನ ಸಂಬಂಧದ ಇತಿಹಾಸವನ್ನು ಸಂಪಾದಕೀಯ ಪುಟದಲ್ಲಿ ಹುಡುಕುವುದಕ್ಕಿಂತ ಪತ್ರಿಕೆಯ ಜಮಾ-ಖರ್ಚಿನ ಪುಸ್ತಕದಲ್ಲಿ ಹುಡುಕುವುದು ಲೇಸು.

ಈ ಮಾತಿಗೆ ಮೊದಲ ಸಾಕ್ಷಿ ನಮ್ಮ ಮೊದಲ ಪತ್ರಿಕೆಯೇ. 1780ರ ಜನವರಿ 29ರಂದು ಕಲ್ಕತ್ತೆಯಲ್ಲಿ ಜೇಮ್ಸ್ ಆಗಸ್ಟಸ್ ಹಿಕಿ ಎಂಬ ಐರ್ಲೆಂಡಿನವನು ‘ಬೆಂಗಾಲ್ ಗೆಜೆಟ್’ ಎಂಬ ವಾರಪತ್ರಿಕೆ ತೆಗೆದ. ಸಾಲಗಾರನಾಗಿ ಜೈಲು ಕಂಡಿದ್ದ, ಅಚ್ಚಿನ ಕೆಲಸದಿಂದ ಹೊಟ್ಟೆ ಹೊರೆಯುತ್ತಿದ್ದ ಮನುಷ್ಯ ಅವನು. ಎಲ್ಲ ಪಕ್ಷಗಳಿಗೂ ತೆರೆದಿರುವ, ಯಾರ ಪ್ರಭಾವಕ್ಕೂ ಒಳಗಾಗದ ಪತ್ರಿಕೆ ತನ್ನದೆಂದು ತಲೆಬರಹದ ಕೆಳಗೇ ಅಚ್ಚು ಹಾಕಿಕೊಂಡಿದ್ದ. ಊರಿನ ರಸ್ತೆಗಳ ಸ್ಥಿತಿ, ಹಡಗುಗಳ ಸುದ್ದಿ, ಕಂಪನಿ ಅಧಿಕಾರಿಗಳ ಅಡ್ಡಹೆಸರುಗಳು, ಒಂದಿಷ್ಟು ಮನೆಮುರುಕ ಹರಟೆ ಎಲ್ಲವೂ ಅದರಲ್ಲಿದ್ದವು. ಮೊದಲ ಕೆಲವು ತಿಂಗಳು ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್‌ಗೆ ಅದು ದೊಡ್ಡ ತಲೆನೋವಾಗಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಬರ್ನಾರ್ಡ್ ಮೆಸಿಂಕ್ ಮತ್ತು ಪೀಟರ್ ರೀಡ್ ಎಂಬಿಬ್ಬರು ‘ಇಂಡಿಯಾ ಗೆಜೆಟ್’ ಎಂಬ ಎದುರಾಳಿ ಪತ್ರಿಕೆಯನ್ನು ಸರ್ಕಾರದ ಕೃಪೆಯಲ್ಲಿ ಹೊರಡಿಸಲು ಮುಂದಾದರು. ಅವರಿಗೆ ಅಂಚೆಯ ರಿಯಾಯಿತಿಯೂ ಸಿಕ್ಕಿತು. ಕೆರಳಿದ ಹಿಕಿ, ಲಂಚ ಕೊಡಲು ಒಪ್ಪದ ತಪ್ಪಿಗೆ ತನಗೆ ಈ ಶಿಕ್ಷೆ ಎಂದು ಕಂಪನಿಯ ಅಧಿಕಾರಿಯೊಬ್ಬನ ಮೇಲೂ ಗವರ್ನರ್ ಜನರಲ್‌ನ ಹೆಂಡತಿಯ ಮೇಲೂ ಆರೋಪ ಹೊರಿಸಿದ.

ಮುಂದೆ ಆದದ್ದನ್ನು ತಾರೀಖಿನ ಸಮೇತ ಗಮನಿಸಬೇಕು. 1780ರ ನವೆಂಬರ್ 14ರಂದು ಹೊರಟ ಆಜ್ಞೆ ಹಿಕಿಯನ್ನು ಬಂಧಿಸಲಿಲ್ಲ, ಬರೆಯಬೇಡ ಎಂದೂ ಹೇಳಲಿಲ್ಲ. ಅವನ ಪತ್ರಿಕೆಯನ್ನು ಸರ್ಕಾರಿ ಅಂಚೆಯಲ್ಲಿ ಸಾಗಿಸಕೂಡದು ಎಂದಷ್ಟೇ ಹೇಳಿತು. ಖಾಸಗಿ ವ್ಯಕ್ತಿಗಳ ಚಾರಿತ್ರ್ಯಹರಣವಾಗುತ್ತಿದೆ, ವಸಾಹತಿನ ಶಾಂತಿ ಕೆಡುತ್ತಿದೆ ಎಂಬ ಕಾರಣ ಕೊಡಲಾಯಿತು. ಕಲ್ಕತ್ತೆಯ ಹೊರಗೆ, ದೂರದ ದಂಡುಗಳಲ್ಲಿ, ಇತರ ಪ್ರೆಸಿಡೆನ್ಸಿಗಳಲ್ಲಿ ಇದ್ದ ಚಂದಾದಾರರು ಒಂದೇ ಏಟಿಗೆ ಕೈತಪ್ಪಿದರು. ಹಿಕಿ ಜಗ್ಗಲಿಲ್ಲ. ಊರೊಳಗೆ ಪತ್ರಿಕೆ ಹಂಚಲು ಇಪ್ಪತ್ತು ಹರಿಕಾರರನ್ನು ನೇಮಿಸಿಕೊಂಡ. ತಲೆಬಾಗುವುದಕ್ಕಿಂತ ಲಾವಣಿ ಕಟ್ಟಿ ಕಲ್ಕತ್ತೆಯ ಬೀದಿಗಳಲ್ಲಿ ಮಾರಿಯೇನು ಎಂದು ಸಾರಿದ. ಹೇಸ್ಟಿಂಗ್ಸ್ ಮಾನನಷ್ಟದ ಮೊಕದ್ದಮೆ ಹಾಕಿ ಅವನನ್ನು ಬಂಧಿಸಿದ್ದು 1781ರ ಜೂನಿನಲ್ಲಿ, ಅಂದರೆ ಅಂಚೆ ನಿಷೇಧವಾಗಿ ಏಳು ತಿಂಗಳ ಮೇಲೆ. ಜೈಲಿನೊಳಗಿಂದಲೂ ಅವನು ಪತ್ರಿಕೆ ನಡೆಸಿದ. ವಾರವಾರವೂ ಅದು ಹೊರಬರುತ್ತಲೇ ಇತ್ತು. ಅದು ನಿಂತದ್ದು 1782ರ ಮಾರ್ಚಿನಲ್ಲಿ, ನ್ಯಾಯಾಲಯದ ಆಜ್ಞೆಯಂತೆ ಅವನ ಅಚ್ಚುಮೊಳೆಗಳನ್ನು ಹೊತ್ತೊಯ್ದಾಗ. ಸಂಪಾದಕ ಕಂಬಿಯ ಹಿಂದೆ ಇದ್ದಾಗಲೂ ಬದುಕಿದ್ದ ಪತ್ರಿಕೆ, ಮೊಳೆ ಹೋದೊಡನೆ ಸತ್ತಿತು. ಮುಂದಿನ ಇನ್ನೂರು ವರ್ಷಗಳಲ್ಲಿ ಆಳುವವರು ಮತ್ತೆ ಮತ್ತೆ ಬಳಸಿದ ಪಾಠ ಇದೇ. ಒಬ್ಬನಿಗೆ ರಿಯಾಯಿತಿ, ಇನ್ನೊಬ್ಬನಿಗೆ ನಿರಾಕರಣೆ. ಅದಕ್ಕೂ ಬಗ್ಗದಿದ್ದರೆ ಸಾಧನಗಳ ಜಪ್ತಿ.

ಹಿಕಿ ಬರೆದದ್ದೆಲ್ಲ ಸಭ್ಯವಾಗಿತ್ತೇ, ಅಂಥವನಿಗೆ ಹಾಗೇ ಆಗಬೇಕಿತ್ತಲ್ಲವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅವನ ಪತ್ರಿಕೆಯಲ್ಲಿ ಕೀಳು ಬರಹ ಇತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಕೀಳು ಬರಹಕ್ಕೆ ಮದ್ದು ನ್ಯಾಯಾಲಯದಲ್ಲಿ ಇತ್ತು, ಹೇಸ್ಟಿಂಗ್ಸ್ ಕೊನೆಗೆ ಅಲ್ಲಿಗೆ ಹೋಗಿಯೂ ಹೋದ. ಪ್ರಶ್ನೆ ಇರುವುದು ಮೊದಲು ಎಲ್ಲಿಗೆ ಹೋದ ಎಂಬಲ್ಲಿ. ಆರೋಪ ಸುಳ್ಳೆಂದು ಯಾರ ಮುಂದೆಯೂ ತೋರಿಸಬೇಕಾಗಿಲ್ಲದ, ವಾದ ಪ್ರತಿವಾದ ಬೇಕಿಲ್ಲದ, ಒಂದು ಸಹಿಯಿಂದ ಮುಗಿಯುವ ದಾರಿಯನ್ನು ಅವನು ಮೊದಲು ಹಿಡಿದ. ಮೇಲಾಗಿ, ಅಂಚೆಯ ರಿಯಾಯಿತಿ ಪಡೆದ ಎದುರಾಳಿ ಪತ್ರಿಕೆಗೆ ಆ ರಿಯಾಯಿತಿ ಸಿಕ್ಕಿದ್ದು ಅದರ ಸಭ್ಯತೆಗೆ ಬಹುಮಾನವಾಗಿ ಎಂದು ನಂಬುವುದು ಕಷ್ಟ. ಆ ಪತ್ರಿಕೆ ಇನ್ನೂ ಒಂದು ಸಂಚಿಕೆಯನ್ನೂ ಹೊರಡಿಸಿರಲಿಲ್ಲ.

ಮುಂದಿನ ಅರ್ಧ ಶತಮಾನ ಪರವಾನಗಿಯ ಕಾಲ. ಟಿಪ್ಪುವಿನೊಡನೆ ಕೊನೆಯ ಯುದ್ಧ ನಡೆದ 1799ರಲ್ಲೇ ಗವರ್ನರ್ ಜನರಲ್ ವೆಲ್ಲೆಸ್ಲಿ ಪತ್ರಿಕೆಗಳಿಗೆ ಕಟ್ಟಳೆ ತಂದ. ಸರ್ಕಾರದ ಕಾರ್ಯದರ್ಶಿ ನೋಡಿ ಒಪ್ಪದೆ ಒಂದಕ್ಷರವೂ ಅಚ್ಚಾಗಬಾರದು, ತಪ್ಪಿದವರನ್ನು ಯುರೋಪಿಗೆ ಹಡಗು ಹತ್ತಿಸಲಾಗುವುದು ಎಂಬುದು ಅದರ ಸಾರ. 1818ರಲ್ಲಿ ಈ ಪೂರ್ವಪರಿಶೀಲನೆ ಹೋಯಿತಾದರೂ 1823ರಲ್ಲಿ ಹಂಗಾಮಿ ಗವರ್ನರ್ ಜನರಲ್ ಜಾನ್ ಆಡಂ ಪರವಾನಗಿ ಪದ್ಧತಿ ತಂದ. ‘ಕಲ್ಕತ್ತಾ ಜರ್ನಲ್’ನ ಸಂಪಾದಕ ಜೇಮ್ಸ್ ಸಿಲ್ಕ್ ಬಕಿಂಗ್‌ಹ್ಯಾಮ್‌ನನ್ನು ಆ ವರ್ಷವೇ ಗಡೀಪಾರು ಮಾಡಲಾಗಿತ್ತು. ಪರವಾನಗಿಯ ವಿರುದ್ಧ ರಾಜಾ ರಾಮಮೋಹನ ರಾಯರು ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸಿದರು. ಅದು ಫಲಿಸದಾಗ ತಮ್ಮ ಪರ್ಷಿಯನ್ ವಾರಪತ್ರಿಕೆ ‘ಮಿರಾತ್-ಉಲ್-ಅಖ್ಬಾರ್’ ಅನ್ನು ತಾವೇ ನಿಲ್ಲಿಸಿದರು. ಅನುಮತಿ ಬೇಡಿ ಬರೆಯುವುದಕ್ಕಿಂತ ಬರೆಯದಿರುವುದೇ ಮೇಲು ಎಂಬ ಪ್ರತಿಭಟನೆ ಅದು. 1835ರಲ್ಲಿ ಚಾರ್ಲ್ಸ್ ಮೆಟ್‌ಕಾಫ್ ಈ ಪದ್ಧತಿಯನ್ನು ತೆಗೆದುಹಾಕಿದ. ಅದಕ್ಕಾಗಿ ಕಂಪನಿಯ ನಿರ್ದೇಶಕರ ಅಸಮಾಧಾನಕ್ಕೂ ಗುರಿಯಾದ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿ ಹಾಡಿದ್ದು ಹೀಗೆ ದೊರೆತ ಬಿಡುವಿನ ಕಾಲದಲ್ಲಿ.

ಆ ಬಿಡುವು 1857ರ ಬಂಡಾಯದ ಹೊತ್ತಿಗೊಮ್ಮೆ, 1878ರಲ್ಲಿ ಇನ್ನೊಮ್ಮೆ ಮುರಿಯಿತು. ವೈಸರಾಯ್ ಲಿಟ್ಟನ್ 1878ರ ಮಾರ್ಚ್ 14ರಂದು ಒಂದೇ ಬೈಠಕ್ಕಿನಲ್ಲಿ ದೇಶಭಾಷಾ ಪತ್ರಿಕೆಗಳ ಕಾಯ್ದೆಯನ್ನು ಪಾಸು ಮಾಡಿಸಿದ. ಮ್ಯಾಜಿಸ್ಟ್ರೇಟರು ಕೇಳಿದಾಗ ಮುದ್ರಕನೂ ಪ್ರಕಾಶಕನೂ ಮುಚ್ಚಳಿಕೆ ಬರೆದುಕೊಡಬೇಕು, ಠೇವಣಿ ಇಡಬೇಕು. ಬರಹ ಸರ್ಕಾರಕ್ಕೆ ಸರಿಕಾಣದಿದ್ದರೆ ಠೇವಣಿಯೂ ಯಂತ್ರವೂ ಮುಟ್ಟುಗೋಲು. ಅದರ ಮೇಲೆ ನ್ಯಾಯಾಲಯಕ್ಕೆ ಮೇಲ್ಮನವಿ ಇಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಅದುವರೆಗೆ ಬಂಗಾಳಿ ಮತ್ತು ಇಂಗ್ಲಿಷ್ ಎರಡರಲ್ಲೂ ಬರುತ್ತಿದ್ದ ಶಿಶಿರ್ ಕುಮಾರ್ ಘೋಷರ ‘ಅಮೃತ ಬಜಾರ್ ಪತ್ರಿಕೆ’ ಮುಂದಿನ ವಾರವೇ ಪೂರ್ತಿ ಇಂಗ್ಲಿಷಾಗಿ ಹೊರಬಂದು ಕಾನೂನಿನ ಕೈಯಿಂದ ಜಾರಿಕೊಂಡ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಹೇಳದ ಸಂಗತಿ ಇನ್ನೊಂದಿದೆ. ಇದೇ ಲಿಟ್ಟನ್ ಸರ್ಕಾರ ಅದೇ ಹೊತ್ತಿಗೆ ‘ಪ್ರೆಸ್ ಕಮಿಷನರ್’ ಎಂಬ ಹೊಸ ಹುದ್ದೆಯನ್ನು ಸೃಷ್ಟಿಸಿ ರೋಪರ್ ಲೆತ್‌ಬ್ರಿಜ್ ಎಂಬುವರನ್ನು ಅದರಲ್ಲಿ ಕೂರಿಸಿತ್ತು. ಪತ್ರಿಕೆಗಳಿಗೆ ಸರ್ಕಾರದ ಸುದ್ದಿಯನ್ನು ಒದಗಿಸುವುದು ಅವರ ಕೆಲಸ. ಒಂದು ಕೈಯಲ್ಲಿ ಠೇವಣಿಯ ನೋಟೀಸು, ಇನ್ನೊಂದರಲ್ಲಿ ಸುದ್ದಿಯ ಕಟ್ಟು. ಇಂದಿನ ವಾರ್ತಾ ಇಲಾಖೆಗಳ ಪೂರ್ವಜ ಹುಟ್ಟಿದ್ದು ಹೀಗೆ, ಬಾಯಿ ಕಟ್ಟುವ ಕಾಯ್ದೆಯ ಜೊತೆಯಲ್ಲೇ. ವೈಸರಾಯ್ ಆಗಿ ರಿಪ್ಪನ್ ಬಂದ ಮೇಲೆ ಕಾಯ್ದೆ ರದ್ದಾಯಿತು. ಸುದ್ದಿ ಕೊಟ್ಟು ಒಲಿಸಿಕೊಳ್ಳುವ ಅಭ್ಯಾಸ ಮಾತ್ರ ಯಾವ ಸರ್ಕಾರವನ್ನೂ ಬಿಡಲಿಲ್ಲ.

ಇದೆಲ್ಲ ಪರಕೀಯರ ಆಳ್ವಿಕೆಯ ಕತೆ, ನಮ್ಮವರೇ ಆಳಿದ ಕಡೆ ಹೀಗಿರಲಿಲ್ಲ ಎಂಬ ಸಮಾಧಾನಕ್ಕೆ ಮೈಸೂರು ಸಂಸ್ಥಾನ ಆಸ್ಪದ ಕೊಡುವುದಿಲ್ಲ. ಮೈಸೂರು ಹಿಂದುಳಿದ ಸಂಸ್ಥಾನವಾಗಿರಲಿಲ್ಲ. ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದ್ದರು. ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1907ರಲ್ಲಿ, ನ್ಯಾಯವಿಧಾಯಕ ಸಭೆ ಬಂತು. ಅದರ ಮರುವರ್ಷವೇ, 1908ರಲ್ಲಿ, ಅದೇ ದಿವಾನರ ಸರ್ಕಾರ ಮೈಸೂರು ವೃತ್ತಪತ್ರಿಕೆಗಳ ಕಾಯ್ದೆಯನ್ನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಸಂಸ್ಥಾನದಲ್ಲಿ ಪತ್ರಿಕೆ ಹೊರಡಿಸುವಂತಿಲ್ಲ ಎಂಬುದು ಅದರ ತಿರುಳು. ಬ್ರಿಟಿಷ್ ಇಂಡಿಯಾದಲ್ಲಿ 1835ರಲ್ಲೇ ಬಿದ್ದುಹೋಗಿದ್ದ ಪರವಾನಗಿ ಪದ್ಧತಿ ಮುಕ್ಕಾಲು ಶತಮಾನದ ನಂತರ ಪ್ರಗತಿಪರ ಸಂಸ್ಥಾನವೆಂದು ಹೆಸರಾದ ಮೈಸೂರಿನಲ್ಲಿ ತಲೆಯೆತ್ತಿತು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದ, ಊರೆಲ್ಲ ‘ತಾತಯ್ಯ’ ಎಂದು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ‘ವೃತ್ತಾಂತ ಚಿಂತಾಮಣಿ’, ‘ಮೈಸೂರು ಹೆರಾಲ್ಡ್’ ಮೊದಲಾದ ಪತ್ರಿಕೆಗಳ ಮೂಲಕ ದಿವಾನರ ಆಡಳಿತವನ್ನು ಒರೆಗೆ ಹಚ್ಚುತ್ತಿದ್ದವರು. ಈ ಕಾಯ್ದೆಗೆ ಅವರ ಉತ್ತರ ರಾಮಮೋಹನ ರಾಯರ ಉತ್ತರವೇ: ಪತ್ರಿಕೆಗಳನ್ನು ನಿಲ್ಲಿಸಿ ಪ್ರತಿಭಟಿಸಿದರು. ಇನ್ನೂ ಕೆಲವು ಪತ್ರಿಕೆಗಳು ಆಗ ಕಣ್ಮುಚ್ಚಿದವು.

ಐದು ವರ್ಷಗಳ ನಂತರ, 1913ರಲ್ಲಿ, ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಅರೆವಾರಪತ್ರಿಕೆಯನ್ನು ಆರಂಭಿಸಿದಾಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. ಆಡಳಿತವನ್ನು ಟೀಕಿಸುತ್ತಲೇ ದಿವಾನರ ಗೌರವ, ವಿಶ್ವಾಸಗಳನ್ನು ಉಳಿಸಿಕೊಂಡ ಪತ್ರಕರ್ತರೆಂದು ಡಿವಿಜಿ ಹೆಸರಾದರು. ರಾಜಕಾರಣಿಗೂ ಪತ್ರಕರ್ತನಿಗೂ ಇರಬೇಕಾದ ಸಂಬಂಧಕ್ಕೆ ಈ ಜೋಡಿಯನ್ನು ಮಾದರಿಯಾಗಿ ತೋರಿಸುವುದು ನಮ್ಮಲ್ಲಿ ವಾಡಿಕೆ. ಮಾದರಿ ಎಂಬುದು ನಿಜವೇ. ಆದರೆ ಅದರಿಂದ ಕಲಿಯಬೇಕಾದ ಪಾಠವನ್ನು ಸ್ವಲ್ಪ ಎಚ್ಚರದಿಂದ ಕಲಿಯಬೇಕು. ದೊಡ್ಡ ಮನಸ್ಸಿನ ದಿವಾನರೂ ನಿಷ್ಠುರ ಸಂಪಾದಕರೂ ಒಟ್ಟಿಗೆ ಸಿಕ್ಕಾಗ ಸಂಬಂಧ ಚೆನ್ನಾಗಿರುತ್ತದೆ. ಹಾಗೆ ಸಿಗುವುದು ಅಪರೂಪ. ಅನುಮತಿಯ ಮೇಲೆ ನಿಂತ ಸ್ವಾತಂತ್ರ್ಯ, ಅನುಮತಿ ಕೊಡುವವನ ಗುಣದ ಮೇಲೆ ನಿಂತಿರುತ್ತದೆ. ವ್ಯಕ್ತಿಗಳ ಸೌಜನ್ಯದಿಂದ ಬಂದದ್ದು ವ್ಯಕ್ತಿಗಳೊಂದಿಗೇ ಹೋಗುತ್ತದೆ.

ಮೈಸೂರಿನ ಹೊರಗೆ ಇದೇ ಕಾಲಕ್ಕೆ ಠೇವಣಿ ಮತ್ತೆ ಬಂತು. 1910ರ ಪತ್ರಿಕಾ ಕಾಯ್ದೆಯ ಪ್ರಕಾರ ಹೊಸ ಮುದ್ರಣಾಲಯ 500ರಿಂದ 2,000 ರೂಪಾಯಿವರೆಗೆ ಭದ್ರತೆ ಇಡಬೇಕಿತ್ತು. ಅದು ಮುಟ್ಟುಗೋಲಾದರೆ ಮತ್ತೆ ಆರಂಭಿಸಲು 1,000ದಿಂದ 10,000 ರೂಪಾಯಿ ಬೇಕು. ಮೌಲಾನಾ ಆಜಾದರ ‘ಅಲ್ ಹಿಲಾಲ್’ ಈ ಲೆಕ್ಕಕ್ಕೆ ಬಲಿಯಾಯಿತು. 1914ರಲ್ಲಿ ಅದರ 2,000 ರೂಪಾಯಿ ಮುಟ್ಟುಗೋಲಾಗಿ, 10,000ದ ಹೊಸ ಠೇವಣಿ ಕೇಳಿದಾಗ ಪತ್ರಿಕೆ ನಿಂತಿತು. ಆನಿ ಬೆಸೆಂಟರ ‘ನ್ಯೂ ಇಂಡಿಯಾ’ಕ್ಕೂ 1916ರಲ್ಲಿ ಮದರಾಸಿನಲ್ಲಿ ಇದೇ ಏಟು ಬಿತ್ತು. 2,000 ಹೋಯಿತು, 10,000 ಕಟ್ಟಬೇಕಾಯಿತು. ಬೆಸೆಂಟರ ಹಿಂದೆ ಕಟ್ಟಬಲ್ಲ ಬೆಂಬಲಿಗರಿದ್ದರು, ಆದ್ದರಿಂದ ಪತ್ರಿಕೆ ಉಳಿಯಿತು. ಇಲ್ಲಿ ಓದುಗರು ತಿಲಕರನ್ನು ನೆನೆದು ಆಕ್ಷೇಪಿಸಬಹುದು: ಆರು ವರ್ಷಗಳ ಮಂಡಾಲೆಯ ಸೆರೆಗಿಂತ ಈ ರೂಪಾಯಿಗಳ ಲೆಕ್ಕ ದೊಡ್ಡದೇ? ಮನುಷ್ಯನ ನೋವನ್ನು ಅಳೆಯುವುದಾದರೆ ಖಂಡಿತ ಅಲ್ಲ. ಪತ್ರಿಕೆಯ ಅಳಿವು ಉಳಿವನ್ನು ಅಳೆಯುವುದಾದರೆ, ಹೌದು. ತಿಲಕರು ಮಂಡಾಲೆಯಲ್ಲಿದ್ದ ಆರು ವರ್ಷವೂ ‘ಕೇಸರಿ’ ನಡೆಯಿತು, ಅವರು 1914ರಲ್ಲಿ ಹೊರಬಂದಾಗ ಮೊದಲಿಗಿಂತ ದೊಡ್ಡ ನಾಯಕರಾಗಿದ್ದರು. ಸೆರೆಮನೆ ಸರ್ಕಾರದ ಹೆಸರು ಕೆಡಿಸಿತು, ಸಂಪಾದಕನ ಹೆಸರು ಬೆಳೆಸಿತು. ಠೇವಣಿ ಕಟ್ಟಲಾಗದೆ ಮುಚ್ಚಿದ ಪತ್ರಿಕೆಯ ಸಂಪಾದಕನಿಗೆ ಹಾರ ಹಾಕಲು ಯಾರೂ ರೈಲ್ವೆ ಸ್ಟೇಷನ್ನಿಗೆ ಬರುವುದಿಲ್ಲ. ಚಾಣಾಕ್ಷ ಆಡಳಿತಗಾರರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಠೇವಣಿಯ ಜಾಗಕ್ಕೆ ಕಾಗದ ಬಂತು. ನ್ಯೂಸ್‌ಪ್ರಿಂಟಿನ ಬಹುಪಾಲು ಹೊರದೇಶದಿಂದ ಬರಬೇಕಿತ್ತು, ವಿದೇಶಿ ವಿನಿಮಯ ಕಡಿಮೆ ಇತ್ತು. ಆದ್ದರಿಂದ ಯಾರಿಗೆ ಎಷ್ಟು ಎಂದು ಸರ್ಕಾರವೇ ಹಂಚಿತು. ಹಂಚಿಕೆ ಬೇಕೇ ಇತ್ತು ಎಂಬುದನ್ನು ಒಪ್ಪಬಹುದು. ಆದರೆ ಹಂಚುವ ಕೈ ಪುಟಗಳನ್ನೂ ಎಣಿಸತೊಡಗಿತು. ಪುಟಕ್ಕೆ ತಕ್ಕಂತೆ ಬೆಲೆ ನಿಗದಿಪಡಿಸುವ ಕಾನೂನನ್ನು ಪುಣೆಯ ಮರಾಠಿ ದೈನಿಕ ‘ಸಕಾಳ್’ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟು 1961ರಲ್ಲಿ ಅದನ್ನು ಹೊಡೆದುಹಾಕಿತು. ಹನ್ನೊಂದು ವರ್ಷಗಳ ನಂತರ, 1972-73ರ ನ್ಯೂಸ್‌ಪ್ರಿಂಟ್ ನೀತಿ ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿ ಹಾಕಿತು. ಬೆನೆಟ್ ಕೋಲ್‌ಮನ್ ಪ್ರಕರಣದಲ್ಲಿ ಅದೂ ಬಿತ್ತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಒಬ್ಬರೇ ಭಿನ್ನಮತ ಬರೆದರು. ಕಾಗದವೆಲ್ಲ ನಾಲ್ಕಾರು ದೊಡ್ಡ ಪತ್ರಿಕೆಗಳ ಪಾಲಾದರೆ ಸಣ್ಣ ದನಿಗಳು ಕೇಳಿಸುವುದಾದರೂ ಹೇಗೆ ಎಂಬುದು ಅವರ ಕಾಳಜಿಯ ಹಿಂದಿದ್ದ ಪ್ರಶ್ನೆ. ಅದು ತಳ್ಳಿಹಾಕುವಂಥ ಪ್ರಶ್ನೆಯಲ್ಲ, ದೇಶಭಾಷಾ ಪತ್ರಿಕೆಗಳಿಗೆ ಸಂಬಂಧಿಸಿದಂತೆ ಇನ್ನೂ ಅಲ್ಲ. ಆದರೆ ಸಣ್ಣವರಿಗೆ ಪಾಲು ಕೊಡಿಸುವ ನ್ಯಾಯಕ್ಕೂ, ದೊಡ್ಡವರು ಎಷ್ಟು ಪುಟ ಅಚ್ಚು ಹಾಕಬೇಕೆಂದು ಮಂತ್ರಿಯೊಬ್ಬರು ತೀರ್ಮಾನಿಸುವ ಅಧಿಕಾರಕ್ಕೂ ಅಂತರವಿದೆ.

ಕಾಗದದ ಮೇಲಿನ ಸುಂಕದ ಪ್ರಶ್ನೆ ಮತ್ತೊಮ್ಮೆ ಸುಪ್ರೀಂ ಕೋರ್ಟಿಗೆ ಬಂದಾಗ ಅದರ ತೀರ್ಪು ಬರೆದವರು ಕನ್ನಡಿಗರೇ ಆದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. 1981ರಲ್ಲಿ ಆಮದು ನ್ಯೂಸ್‌ಪ್ರಿಂಟಿನ ಮೇಲೆ ಹೇರಿದ ಶೇ 15ರ ಸುಂಕವನ್ನು ಇಂಡಿಯನ್ ಎಕ್ಸ್‌ಪ್ರೆಸ್ ಸಂಸ್ಥೆಯೂ ಇತರರೂ ಪ್ರಶ್ನಿಸಿದ್ದರು. 1984ರ ಡಿಸೆಂಬರಿನಲ್ಲಿ ಬಂದ ಆ ತೀರ್ಪು ಪತ್ರಿಕೆಗಳಿಗೆ ತೆರಿಗೆಯೇ ಬೇಡ ಎನ್ನಲಿಲ್ಲ. ಪತ್ರಿಕೋದ್ಯಮವೂ ಉದ್ಯಮವೇ, ಅದಕ್ಕೂ ತೆರಿಗೆಯುಂಟು ಎಂದಿತು. ಆದರೆ ತೆರಿಗೆಯ ಭಾರ ಓದುಗನನ್ನು ಪತ್ರಿಕೆಯಿಂದ ದೂರ ಮಾಡುವಷ್ಟಾದರೆ ಅದು ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯಾಗುತ್ತದೆ ಎಂದು ಕಂಡು, ಸುಂಕವನ್ನು ಹೊಸದಾಗಿ ಪರಿಶೀಲಿಸುವಂತೆ ಸರ್ಕಾರಕ್ಕೆ ಹೇಳಿತು. ಮರುವರ್ಷ ಅದೇ ಸಂಸ್ಥೆಯ ದೆಹಲಿ ಕಟ್ಟಡದ ಗುತ್ತಿಗೆ ನೆಲವನ್ನು ಹಿಂದಕ್ಕೆ ಪಡೆಯಲು ಹೊರಟ ಸರ್ಕಾರದ ನೋಟೀಸನ್ನೂ ಕೋರ್ಟು ರದ್ದುಮಾಡಿತು. ಅಂಚೆಯಿಂದ ಹೊರಟ ಈ ಕತೆ ಹೀಗೆ ಕಾಗದ, ಸುಂಕ, ಕೊನೆಗೆ ಅಚ್ಚುಕೂಟ ನಿಂತ ನೆಲದವರೆಗೂ ಬಂದಿತ್ತು.

ಈ ಎಲ್ಲ ಸಾಧನಗಳನ್ನೂ ಒಂದೇ ಬಾರಿಗೆ ಬಳಸಿದ ಕಾಲ ತುರ್ತು ಪರಿಸ್ಥಿತಿ. 1975ರ ಜೂನ್ 25ರ ರಾತ್ರಿ ಮೊದಲ ಏಟು ಬಿದ್ದದ್ದು ವಿದ್ಯುತ್ ತಂತಿಗೆ. ದೆಹಲಿಯ ಬಹುಪಾಲು ಪತ್ರಿಕಾ ಕಚೇರಿಗಳಿದ್ದ ಬಹಾದುರ್ ಶಾ ಜಫರ್ ಮಾರ್ಗದಲ್ಲಿ ಕರೆಂಟು ಹೋಯಿತು, ಮುದ್ರಣ ಯಂತ್ರಗಳು ನಿಂತವು. ‘ಸ್ಟೇಟ್ಸ್‌ಮನ್’ ಮತ್ತು ‘ಹಿಂದೂಸ್ತಾನ್ ಟೈಮ್ಸ್’ ಮಾತ್ರ ಹೊರಬಂದವು. ಅವುಗಳ ಕಚೇರಿಗಳು ಕನಾಟ್ ಪ್ಲೇಸಿನ ಕಡೆ ಇದ್ದವು. ಅಲ್ಲಿಗೆ ಬೇರೆ ಪುರಸಭೆಯ ಕರೆಂಟು ಬರುತ್ತಿತ್ತು. ಸೆನ್ಸಾರ್ ಆಜ್ಞೆ ಬಂದದ್ದು ಮರುದಿನ. ಆ ಮುಂದೆ ಬಂಧನಗಳಾದವು, ನಿಜ. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ ಮೊದಲಾದವರು ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ಪತ್ರಿಕೆಗಳ ಮಟ್ಟಿಗೆ ನಿರ್ಣಾಯಕವಾದ ಕೆಲಸ ಮಾತ್ರ ಕಡತಗಳಲ್ಲಿ ನಡೆಯಿತು. 1976ರ ಆರಂಭದಲ್ಲಿ ಪ್ರೆಸ್ ಕೌನ್ಸಿಲ್ ರದ್ದಾಯಿತು. ಪಿಟಿಐ, ಯುಎನ್‌ಐ, ಸಮಾಚಾರ್ ಭಾರತಿ, ಹಿಂದೂಸ್ತಾನ್ ಸಮಾಚಾರ್ ಎಂಬ ನಾಲ್ಕು ಸುದ್ದಿಸಂಸ್ಥೆಗಳನ್ನು ‘ಸಮಾಚಾರ್’ ಎಂಬ ಒಂದೇ ಕೊಪ್ಪರಿಗೆಗೆ ಸುರಿಯಲಾಯಿತು. ಆಕಾಶವಾಣಿ ಕೊಡುತ್ತಿದ್ದ ಚಂದಾ ಹಣ ಆ ಸಂಸ್ಥೆಗಳ ದೊಡ್ಡ ಆದಾಯವಾಗಿದ್ದುದರಿಂದ ಇಲ್ಲವೆನ್ನುವ ಶಕ್ತಿ ಅವಕ್ಕೆ ಇರಲಿಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರ ಆಗಸ್ಟಿನಲ್ಲಿ ಜನತಾ ಸರ್ಕಾರ ಹೊರತಂದ ಶ್ವೇತಪತ್ರದಿಂದ ಇನ್ನೊಂದು ವಿಷಯ ಬಯಲಾಯಿತು: ಪತ್ರಿಕೆಗಳನ್ನು ಸ್ನೇಹಿತರು, ವಿರೋಧಿಗಳು, ತಟಸ್ಥರು ಎಂದು ವಿಂಗಡಿಸಿ, ಸರ್ಕಾರಿ ಜಾಹೀರಾತನ್ನು ಆ ಪಟ್ಟಿಯಂತೆ ಹಂಚಲಾಗಿತ್ತು. ಹೇಸ್ಟಿಂಗ್ಸ್ ಎರಡು ಪತ್ರಿಕೆಗಳ ನಡುವೆ ಮಾಡಿದ ಭೇದಭಾವವನ್ನು ಇಲ್ಲಿ ದೇಶದ ಪತ್ರಿಕೆಗಳೆಲ್ಲಕ್ಕೂ ಹಬ್ಬಿಸಿದಂತಾಗಿತ್ತು.

ಬಗ್ಗಿ ಎಂದರೆ ತೆವಳಿದಿರಿ ಎಂಬ ಆಡ್ವಾಣಿಯವರ ಮೂದಲಿಕೆ ಆ ಕಾಲದ ಪತ್ರಿಕೆಗಳ ಮೇಲಿನ ಕೊನೆಯ ತೀರ್ಪು ಎನ್ನುವಷ್ಟು ಪ್ರಸಿದ್ಧವಾಗಿದೆ. ಅದರ ಪ್ರಕಾರ ಎಲ್ಲವೂ ಧೈರ್ಯದ ಪ್ರಶ್ನೆ. ಸಂಪಾದಕನಿಗೆ ಬೆನ್ನುಮೂಳೆ ಇದ್ದರೆ ಸಾಕು, ಉಳಿದದ್ದೆಲ್ಲ ನೆಪ. ಧೈರ್ಯ ಬೇಡವೆಂದು ಯಾರೂ ಹೇಳರು. ‘ಇಂಡಿಯನ್ ಎಕ್ಸ್‌ಪ್ರೆಸ್’ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಪ್ರತಿಭಟಿಸಿದ್ದು ಧೈರ್ಯವೇ. ಆದರೆ ಧೈರ್ಯಕ್ಕೂ ಒಂದು ಆಧಾರ ಬೇಕು. ಆದಾಯದ ಬಹುಪಾಲು ಸರ್ಕಾರದಿಂದ ಬರುವ ಸಂಸ್ಥೆಯಲ್ಲಿ ಕುಳಿತ ಸಂಪಾದಕ ಎಷ್ಟೇ ಗಟ್ಟಿಗನಾದರೂ ಅವನ ಸಂಬಳದ ದಿನ ಬಂದಾಗ ಮಾಲೀಕರು ಬೇರೆ ಸಂಪಾದಕನನ್ನು ಹುಡುಕುತ್ತಾರೆ. ತುರ್ತು ಪರಿಸ್ಥಿತಿಯ ನಂತರದ ಹತ್ತು ವರ್ಷಗಳು ಈ ಮಾತಿಗೆ ಒಳ್ಳೆಯ ಪುರಾವೆ ಕೊಡುತ್ತವೆ. 1982ರಲ್ಲಿ ಬಿಹಾರದ ಮುಖ್ಯಮಂತ್ರಿ ಜಗನ್ನಾಥ ಮಿಶ್ರ ಪತ್ರಕರ್ತರನ್ನು ಜೈಲಿಗೆ ಕಳಿಸಬಲ್ಲ ಮಸೂದೆ ತಂದಾಗ ದೇಶದ ಪತ್ರಿಕೆಗಳೆಲ್ಲ ಬೀದಿಗಿಳಿದವು, ಮಸೂದೆ ಬಿದ್ದುಹೋಯಿತು. 1988ರಲ್ಲಿ ರಾಜೀವ್ ಗಾಂಧಿ ಸರ್ಕಾರದ ಮಾನನಷ್ಟ ಮಸೂದೆಗೂ ಅದೇ ಗತಿಯಾಯಿತು. ಬಹಿರಂಗವಾಗಿ ಬಾಯಿ ಮುಚ್ಚಿಸಲು ಬಂದಾಗ ಧೈರ್ಯಕ್ಕೆ ಕೊರತೆ ಇರಲಿಲ್ಲ. ಜಾಹೀರಾತಿನ ಪಟ್ಟಿಯಿಂದ ಒಂದು ಪತ್ರಿಕೆಯ ಹೆಸರು ಬಿಟ್ಟುಹೋದಾಗ ಮಾತ್ರ ಯಾರೂ ಮೆರವಣಿಗೆ ಮಾಡಲಿಲ್ಲ, ಪಕ್ಕದ ಪತ್ರಿಕೆ ಅದನ್ನು ಸುದ್ದಿಯಾಗಿಯೂ ಹಾಕಲಿಲ್ಲ.

ಬಿಹಾರದ ಮಸೂದೆಯ ಹೊತ್ತಿಗೆ ಕರ್ನಾಟಕದಲ್ಲಿ ಮುಖ್ಯಮಂತ್ರಿಯಾಗಿದ್ದವರು ಗುಂಡೂರಾಯರು. ಪತ್ರಕರ್ತರನ್ನು ಅರಬ್ಬಿ ಸಮುದ್ರಕ್ಕೆ ಎಸೆಯುವ ಮಾತಾಡಿದರೆಂಬ ಕಾರಣಕ್ಕೆ ಅವರ ಹೆಸರು ಇಂದಿಗೂ ಈ ಚರ್ಚೆಯಲ್ಲಿ ಬರುತ್ತದೆ. ಹಾಗೆ ನೋಡಿದರೆ ಬಾಯಿಬಿಟ್ಟು ಸಿಡುಕುವ ನಾಯಕ ಪತ್ರಿಕೆಗಳಿಗೆ ಅಷ್ಟು ಅಪಾಯಕಾರಿಯಲ್ಲ. ಅವರು ಆಡಿದ್ದು ಮುಖಪುಟದ ಸುದ್ದಿಯಾಯಿತು, 1983ರ ಜನವರಿಯ ಚುನಾವಣೆಯಲ್ಲಿ ಅವರ ಪಕ್ಷ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಅವರ ಸರ್ಕಾರವನ್ನು ಪ್ರತಿ ವಾರ ಹಿಡಿದು ಜಗ್ಗಿದವರಲ್ಲಿ ಮುಖ್ಯರು ಪಿ. ಲಂಕೇಶ್. 1980ರ ಜುಲೈನಲ್ಲಿ ಆರಂಭವಾದ ‘ಲಂಕೇಶ್ ಪತ್ರಿಕೆ’ಯ ಭಾಷೆ, ವ್ಯಂಗ್ಯ, ಅದು ಬೆಳೆಸಿದ ಬರಹಗಾರರ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಬರೆಯಲಾಗಿದೆ. ಈ ಲೇಖನದ ವಾದಕ್ಕೆ ಬೇಕಾದ ಸಂಗತಿ ಅದರ ಲೆಕ್ಕಪತ್ರದ್ದು. ಆ ಪತ್ರಿಕೆ ಜಾಹೀರಾತು ತೆಗೆದುಕೊಳ್ಳಲಿಲ್ಲ. ಓದುಗ ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯಿಂದಲೇ ನಡೆಯಿತು. ಕಿತ್ತುಕೊಳ್ಳಲು ಏನೂ ಇಲ್ಲದ ಪತ್ರಿಕೆಯಿಂದ ಮುಖ್ಯಮಂತ್ರಿ ಏನನ್ನು ಕಿತ್ತುಕೊಳ್ಳಲು ಸಾಧ್ಯ? ಲಂಕೇಶರ ನಿಷ್ಠುರತೆ ಅವರ ಸ್ವಭಾವದಲ್ಲಿತ್ತು ಎಂಬುದು ಸರಿ. ಆ ಸ್ವಭಾವ ಇಪ್ಪತ್ತು ವರ್ಷ ಅಚ್ಚಿನಲ್ಲಿ ಉಳಿಯಲು ಕಾರಣ ಆ ಚಿಲ್ಲರೆ.

ಇದಕ್ಕೆ ಎರಡು ಗಟ್ಟಿಯಾದ ಆಕ್ಷೇಪಗಳಿವೆ. ಮೊದಲನೆಯದು, ಸರ್ಕಾರಿ ಜಾಹೀರಾತು ಇಲ್ಲದಿದ್ದರೆ ಜಿಲ್ಲಾ, ತಾಲ್ಲೂಕು ಮಟ್ಟದ ಕನ್ನಡ ಪತ್ರಿಕೆಗಳು ಒಂದು ವರ್ಷವೂ ಬದುಕಲಾರವು. ಟೆಂಡರು, ಹರಾಜು, ನೇಮಕಾತಿಯ ಪ್ರಕಟಣೆಗಳನ್ನು ಸರ್ಕಾರ ಹೇಗೂ ಎಲ್ಲಾದರೂ ಹಾಕಿಸಲೇಬೇಕು, ಅದನ್ನು ಸಣ್ಣವರಿಗೆ ಕೊಟ್ಟರೆ ತಪ್ಪೇನು? ತಪ್ಪೇನಿಲ್ಲ. ಆ ಹಣ ಮಂತ್ರಿಯ ಸ್ವಂತದ್ದಾಗಿದ್ದರೆ ಅವರ ಇಷ್ಟಕ್ಕೆ ಬಿಡಬಹುದಿತ್ತು. ಅದು ತೆರಿಗೆ ಕಟ್ಟಿದವರ ಹಣ. ಪ್ರಸಾರ ಎಷ್ಟು, ಎಲ್ಲಿ, ದರ ಎಷ್ಟು ಎಂಬ ಲಿಖಿತ ನಿಯಮದಂತೆ ಹಂಚಿದರೆ ಅದು ಸಣ್ಣ ಪತ್ರಿಕೆಗೆ ಹಕ್ಕಾಗುತ್ತದೆ, ಮರ್ಜಿಯಂತೆ ಹಂಚಿದರೆ ಭಿಕ್ಷೆಯಾಗುತ್ತದೆ. ಎರಡನೆಯ ಆಕ್ಷೇಪ ಇನ್ನೂ ತೂಕದ್ದು: ಇಂದು ಪತ್ರಿಕೆ ಮತ್ತು ವಾಹಿನಿಗಳನ್ನು ಹಿಡಿದಿರುವುದು ಸರ್ಕಾರಕ್ಕಿಂತ ಅವುಗಳ ಮಾಲೀಕರ ಬೇರೆ ವ್ಯಾಪಾರಗಳು, ಖಾಸಗಿ ಜಾಹೀರಾತುದಾರರು; ರಾಜಕೀಯ ನಾಯಕರೇ ವಾಹಿನಿ ಕಟ್ಟಿಕೊಂಡಿದ್ದಾರೆ; ಹಾಗಿರುವಾಗ ಹೇಸ್ಟಿಂಗ್ಸ್, ಲಿಟ್ಟನ್ ಕತೆಗಳಿಂದ ಏನುಪಯೋಗ? ಉಪಯೋಗವಿದೆ. ಗಣಿ, ರಿಯಲ್ ಎಸ್ಟೇಟ್, ಕಾಲೇಜು ನಡೆಸುವ ಮಾಲೀಕನಿಗೂ ಪರವಾನಗಿ ಬೇಕು, ಭೂಪರಿವರ್ತನೆ ಬೇಕು, ಬ್ಯಾಂಕ್ ಸಾಲ ಬೇಕು. 1910ರಲ್ಲಿ ಮುದ್ರಣಾಲಯ ಸರ್ಕಾರದ ಬಳಿ ಇಟ್ಟಿದ್ದ ಠೇವಣಿಯ ಜಾಗದಲ್ಲಿ ಇಂದು ಮಾಲೀಕನ ಇಡೀ ವ್ಯಾಪಾರವೇ ಠೇವಣಿಯಾಗಿ ನಿಂತಿದೆ. ಮುಟ್ಟುಗೋಲು ಹಾಕುವುದೂ ಬೇಕಿಲ್ಲ, ಹಾಕಬಹುದು ಎಂಬ ಅರಿವು ಸಾಕು.

ಸುಪ್ರೀಂ ಕೋರ್ಟು 2015ರ ಮೇ ತಿಂಗಳಲ್ಲಿ ಸರ್ಕಾರಿ ಜಾಹೀರಾತುಗಳಿಗೆ ಮಾರ್ಗಸೂಚಿ ಕೊಟ್ಟು, ಅವುಗಳಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿಗಳ ಭಾವಚಿತ್ರ ಮಾತ್ರ ಇರಲಿ ಎಂದಿತು. ರಾಜ್ಯಗಳು ಪಟ್ಟು ಹಿಡಿದ ಮೇಲೆ ಮರುವರ್ಷ ಮುಖ್ಯಮಂತ್ರಿ, ರಾಜ್ಯಪಾಲ, ಮಂತ್ರಿಗಳ ಚಿತ್ರಗಳಿಗೂ ಅವಕಾಶ ಸಿಕ್ಕಿತು. ಯಾರ ಮುಖ ಎಂಬ ಪ್ರಶ್ನೆಗೆ ಸಿಕ್ಕಷ್ಟು ಗಮನ ಯಾರಿಗೆ ಹಣ ಎಂಬ ಪ್ರಶ್ನೆಗೆ ಸಿಗಲಿಲ್ಲ. ಸರ್ಕಾರ ಯಾವ ಪಕ್ಷದ್ದೇ ಇರಲಿ, ಯಾವ ಪತ್ರಿಕೆಗೆ, ಯಾವ ವಾಹಿನಿಗೆ, ಎಷ್ಟು ಜಾಹೀರಾತು ಕೊಟ್ಟಿದೆ, ಯಾವ ನಿಯಮದಂತೆ ಕೊಟ್ಟಿದೆ ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ವಿಧಾನಮಂಡಲದ ಮುಂದೆ ಹೆಸರು ಸಮೇತ ಇಡುವಂತೆ ಕಾನೂನು ಆಗಬೇಕು. ಅದಾಗುವವರೆಗೆ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದ ಯಾವ ಓದುಗನಾದರೂ ಅದನ್ನು ಕೇಳಬಹುದು. ತಾನು ಓದುವ ಪತ್ರಿಕೆ ಏನು ಬರೆಯುತ್ತದೆ ಎಂಬುದನ್ನು ಗಮನಿಸುವ ಓದುಗ ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಗಮನಿಸಲಿ. ಕಾಗದದ ಬೆಲೆಗೂ ಸಾಲದ ದರಕ್ಕೆ ಪತ್ರಿಕೆ ಮನೆ ಬಾಗಿಲಿಗೆ ಬಂದು ಬೀಳುತ್ತಿದ್ದರೆ ಉಳಿದ ಹಣವನ್ನು ಯಾರು ಕೊಡುತ್ತಿದ್ದಾರೆ ಎಂದು ಕೇಳಲಿ. ಪತ್ರಿಕೆಗೆ ತಕ್ಕ ಬೆಲೆ ಕೊಡಲು ಓದುಗ ಒಪ್ಪದಿದ್ದರೆ ಕೊಡುವವರು ಬೇರೆ ಇದ್ದೇ ಇರುತ್ತಾರೆ, ಮತ್ತು ಆಗ ಪತ್ರಿಕೆ ಅವರದ್ದೇ ಆಗುತ್ತದೆ.